ದೇವಯ್ಯನವರದು ಬಿಸಿರಕ್ತದ ಹುಮ್ಮಸ್ಸಲ್ಲ

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು 'ಯೌವನದ ಹುಮ್ಮಸ್ಸಿನಲ್ಲಿ' ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ನುಗ್ಗಿದರು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಈ ಮಾತು ಒಪ್ಪಲಾಗದು. 1965ರ ಸೆಪ್ಟೆಂಬರ್ 7ರಂದು ಅವರಿಗೆ 32 ವರ್ಷ. ಹೊಸ ಪೈಲಟ್‌ಗಳಿಗೆ ಹಾರಾಟ ಕಲಿಸಿದ ಮೇಷ್ಟ್ರು ಅವರು. ಬದಲಿಗೆಂದು ಕಾದಿರಿಸಿದ ವಿಮಾನದಲ್ಲಿದ್ದ ಅವರು ದಾಳಿಯ ತಂಡ ಸೇರಿಕೊಂಡದ್ದು ನಿಜ, ಆದರೆ ಆಮೇಲಿನದ್ದು ನೋಡಿ: ಶಬ್ದದ ಎರಡು ಪಟ್ಟು ವೇಗದ ಪಾಕಿಸ್ತಾನಿ ಯುದ್ಧವಿಮಾನ ಸ್ಟಾರ್‌ಫೈಟರ್ ಅವರ ವಿಮಾನಕ್ಕೆ ಮೊದಲೇ ಹೊಡೆದಿತ್ತು. ಪೆಟ್ಟು ತಿಂದ ತಮ್ಮ ಮಿಸ್ಟೇರ್ ವಿಮಾನದಲ್ಲೇ ತಿರುಗಿ ಅದನ್ನು ಉರುಳಿಸುವುದಕ್ಕೆ ಹುಡುಗಾಟಿಕೆ ಸಾಕಾಗುತ್ತದೆಯೇ? ಪಳಗಿದ ಕೈಯೇ ಬೇಕು. ಎದುರಾಳಿ ಪೈಲಟ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದ, ನಮ್ಮವರು ಮರಳಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಅದೂ ಪಾಕಿಸ್ತಾನದ ಕಡೆಯ ವಿವರಗಳು ಹೊರಬಿದ್ದ ಮೇಲೆ. ಈ 23 ವರ್ಷದ ಬಗ್ಗೆ (ನಾವು ಕೊಡಗಿನವರು ಮರೆಯುವುದಿಲ್ಲ ಬಿಡಿ) ಒಂದು ಸಾಲೂ ಬರೆದಿಲ್ಲವಲ್ಲ ನೀವು!