ಪತಂಗದ ಕಣ್ಣಿನ ಪದರ: ನನ್ನ ಬರಹದಲ್ಲಿನ ತಪ್ಪಿಗೆ ಸ್ಪಷ್ಟನೆ

ಸೋಲಾರ್ ಫಲಕಗಳ ಬಗ್ಗೆ ನಾನು ವಾಟ್ಸಾಪ್‌ನಲ್ಲಿ ಬರೆದ ಟಿಪ್ಪಣಿ ಹಲವು ಗುಂಪುಗಳಲ್ಲಿ ಓಡಾಡುತ್ತಿದೆ. 'ಪತಂಗದ ಕಣ್ಣಿನಿಂದ ತೆಗೆದ ಕಪ್ಪು ಪದರ ಬೆಳಕನ್ನು ಹೀರಿಕೊಂಡು ಗಾಜಿನ ಪ್ರತಿಫಲನ ತಡೆಯುತ್ತದೆ' ಎಂದು ಬರೆದಿದ್ದೆ. ಇದು ತಪ್ಪು. ಪತಂಗದಿಂದ ಏನನ್ನೂ ತೆಗೆಯುವುದಿಲ್ಲ, ನಕಲು ಮಾಡುವುದು ಆಕಾರವನ್ನು ಮಾತ್ರ. ಅದು ಬೆಳಕನ್ನು ಹೀರುವುದೂ ಇಲ್ಲ, ಒಳಗೆ ಬಿಟ್ಟುಕೊಳ್ಳುತ್ತದೆ.

ರಾತ್ರಿ ದೀಪ ಹಾಕಿ ಕಿಟಕಿಯ ಬಳಿ ನಿಂತರೆ ಗಾಜಿನಲ್ಲಿ ನಮ್ಮ ಮುಖ ಕಾಣುತ್ತದಲ್ಲ? ಗಾಳಿಯಿಂದ ಗಾಜಿಗೆ ವಕ್ರೀಭವನ ಸೂಚ್ಯಂಕ (ವಸ್ತುವಿನೊಳಗೆ ಬೆಳಕು ಎಷ್ಟು ನಿಧಾನವಾಗುತ್ತದೆ ಎಂಬುದರ ಅಳತೆ) 1ರಿಂದ ಸುಮಾರು 1.5ಕ್ಕೆ ಒಮ್ಮೆಲೇ ಜಿಗಿಯುವುದರಿಂದ ಒಂದೊಂದು ಮೈಯಲ್ಲೂ ಸುಮಾರು 4% ಬೆಳಕು ಹಿಂದಿರುಗುತ್ತದೆ. ಪತಂಗದ ಕಣ್ಣಿನ ಮೇಲೆ ಸುಮಾರು 200 ನ್ಯಾನೋಮೀಟರ್ ಅಂತರದಲ್ಲಿ ಮೊನೆಯಂಥ ಉಬ್ಬುಗಳಿವೆ. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ 400ರಿಂದ 700 ನ್ಯಾನೋಮೀಟರ್. ಉಬ್ಬುಗಳು ಅದಕ್ಕಿಂತ ಸಣ್ಣವಾದ್ದರಿಂದ ಬೆಳಕಿಗೆ ಅವು ಬಿಡಿಬಿಡಿಯಾಗಿ ತೋರುವುದಿಲ್ಲ. ಮೆಟ್ಟಿಲಿನ ಬದಲು ಇಳಿಜಾರು ಸಿಕ್ಕಂತಾಗಿ ಸೂಚ್ಯಂಕ ನಿಧಾನವಾಗಿ ಏರುತ್ತದೆ, ಪ್ರತಿಫಲನ ಬಹಳ ಕಡಿಮೆಯಾಗುತ್ತದೆ. ನನಗೆ ಇಡೀ ವಿಷಯದಲ್ಲಿ ಅತಿ ಸುಂದರವೆನಿಸುವುದು ಇದೇ, ಅದನ್ನೇ ತಪ್ಪಾಗಿ ಬರೆದದ್ದಕ್ಕೆ ಬೇಸರವಿದೆ.

ಆಧಾರ: ಈ ಉಬ್ಬುಗಳನ್ನು ವಿಜ್ಞಾನಿಗಳಾದ ಬರ್ನ್‌ಹಾರ್ಡ್ ಮತ್ತು ಮಿಲ್ಲರ್ 1962ರಲ್ಲಿ ವರದಿ ಮಾಡಿದರು. 1973ರಲ್ಲಿ ಬ್ರಿಟನ್ನಿನ ಕ್ಲಾಫಮ್ ಮತ್ತು ಹಟ್ಲಿ ಲೇಸರ್ ಕಿರಣಗಳನ್ನು ಒಂದರ ಮೇಲೊಂದು ಬೀಳಿಸಿ, ಬೆಳಕಿಗೆ ಸ್ಪಂದಿಸುವ ಲೇಪನದಲ್ಲಿ ಇದೇ ಆಕಾರ ಮೂಡಿಸಿ ತೋರಿಸಿದರು.

ಹಳೆಯ ಟಿಪ್ಪಣಿಯನ್ನು ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅಲ್ಲಿಗೆ ಇದನ್ನೂ ಕಳಿಸಿ.