ಮೈಮೇಲೆ ಹತ್ತಾರು ಸಿಸ್ಟ್‌ಗಳಿದ್ದರೆ ಗೋಡೆಯನ್ನು ಕೇಳಿ

ಎದೆ, ಕಂಕುಳು, ನೆತ್ತಿ ಎನ್ನದೆ ಹತ್ತಾರು ಸಣ್ಣ ಗಂಟುಗಳು. ಚೀಟಿಯಲ್ಲಿ ‘ಸೆಬೇಷಿಯಸ್ ಸಿಸ್ಟ್’ ಎಂಬ ಒಂದು ಸಾಲು, ಜೊತೆಗೆ ಆಂಟಿಬಯಾಟಿಕ್. ಇಷ್ಟಕ್ಕೇ ರೋಗನಿರ್ಣಯ ಮುಗಿಯಿತು ಅಂದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಸಿಸ್ಟ್ ಎಂದರೆ ಚರ್ಮದೊಳಗಿನ ಚೀಲ; ರೋಮಕೂಪದ ಯಾವ ಭಾಗವನ್ನು ಆ ಚೀಲದ ಗೋಡೆ ಹೋಲುತ್ತದೆ ಎಂಬುದು ಗೊತ್ತಾದರೆ ಮಾತ್ರ ಮುಂದಿನ ದಾರಿ ಗೊತ್ತಾಗುತ್ತದೆ.

ನೋಡಿ, ಮುಟ್ಟಿ ತಿಳಿಯುವುದೂ ಬೇಕಾದಷ್ಟಿದೆ. ನಡುವೆ ಕಪ್ಪು ಚುಕ್ಕೆಯಂಥ ಬಾಯಿದ್ದು, ನಾರುವ ಬಿಳಿ ಮುದ್ದೆ ಹೊರಬಂದರೆ ಎಪಿಡರ್ಮಾಯ್ಡ್ ಎಂಬ ಬಗೆಯ ಸಿಸ್ಟ್. ನೆತ್ತಿಯಲ್ಲಿ ಗಟ್ಟಿಯಾಗಿದ್ದು, ಬಾಯಿ ಕಾಣದಿದ್ದರೆ ಬಹುಪಾಲು ಪಿಲಾರ್. ಹದಿಹರೆಯದಲ್ಲಿ ಎದೆ, ಕಂಕುಳಲ್ಲಿ ಹಳದಿ ಛಾಯೆಯ ಗಂಟುಗಳೆದ್ದು, ಚುಚ್ಚಿದಾಗ ಎಣ್ಣೆಯಂಥ ದ್ರವ ಒಸರಿದರೆ ಸ್ಟಿಯಾಟೊಸಿಸ್ಟೋಮಾ ಮಲ್ಟಿಪ್ಲೆಕ್ಸ್. ಅದೇ ಎದೆಯ ಮೇಲೆ 1ರಿಂದ 5 ಮಿ.ಮೀ. ಗಾತ್ರದ, ಕಂದು ಅಥವಾ ನೀಲಿ ಛಾಯೆಯ ಗುಳ್ಳೆಗಳಾದರೆ ವೆಲ್ಲಸ್ ಹೇರ್ ಸಿಸ್ಟ್. ಒಳಗಿನದನ್ನು ಸ್ಲೈಡಿಗೆ ಹಾಕಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಿಟ್ಟರೆ ನವಿರು ಕೂದಲು ಕಾಣುತ್ತದೆ. ಆದರೆ ಸ್ಟಿಯಾಟೊಸಿಸ್ಟೋಮಾದಲ್ಲೂ ಕೂದಲಿರಬಹುದು, ಒಬ್ಬರಲ್ಲೇ ಎರಡೂ ಬರಬಹುದು. ಹಾಗಾಗಿ ಬಯಾಪ್ಸಿ, ಅಂದರೆ ಗಂಟನ್ನು ತೆಗೆದು ಸೂಕ್ಷ್ಮದರ್ಶಕದಡಿ ನೋಡುವ ಪರೀಕ್ಷೆ, ಬೇಕೇಬೇಕು.

ಕೆಲಸ ಕೆಡುವುದು ಇಲ್ಲೇ. ಎಲ್ಲಕ್ಕಿಂತ ದೊಡ್ಡದಾಗಿ, ಕೆಂಪಗೆ ಊದಿದ್ದನ್ನೇ ಕತ್ತರಿಸಿ ಕಳಿಸುತ್ತಾರೆ. ಆ ಕೆಂಪಿಗೆ ಕಾರಣ ಸಾಮಾನ್ಯವಾಗಿ ಸೋಂಕಲ್ಲ, ಚೀಲ ಒಡೆದು ಚರ್ಮದೊಳಗೆ ಸೋರಿದ ಕೆರಾಟಿನ್ (ಚರ್ಮ, ಕೂದಲುಗಳಲ್ಲಿರುವ ಪ್ರೋಟೀನ್). ಅಷ್ಟರಲ್ಲಿ ಗೋಡೆ ಹಾಳಾಗಿರುತ್ತದೆ, ಅದನ್ನು ಪರೀಕ್ಷಿಸುವ ಪೆಥಾಲಜಿಸ್ಟ್‌ಗೆ ಉರಿಯೂತವಷ್ಟೇ ಕಾಣುತ್ತದೆ. ಕೆಂಪಾಗದ, ಒಡೆಯದ ಒಂದನ್ನು ಆರಿಸಿ. ಹಿಂಡದೆ, ಗೋಡೆ ಸಮೇತ ಇಡಿಯಾಗಿ ತೆಗೆದು, ಅದರ ಗಾತ್ರದ ಹತ್ತು ಪಟ್ಟಾದರೂ 10% ಫಾರ್ಮಲಿನ್‌ನಲ್ಲಿ (ಅಂಗಾಂಶ ಕೆಡದಂತೆ ಇಡುವ ದ್ರಾವಣ) ಹಾಕಿ. ಫಾರಂನಲ್ಲಿ ವಯಸ್ಸು, ಜಾಗ, ಎಷ್ಟು ಗಂಟುಗಳಿವೆ, ಮನೆಯಲ್ಲಿ ಬೇರೆ ಯಾರಿಗಿದೆ ಎಂಬುದನ್ನೂ ಬರೆಯಿರಿ.

ಸೂಕ್ಷ್ಮದರ್ಶಕದಡಿ ಗೋಡೆಯಲ್ಲಿ ಗ್ರಾನ್ಯುಲರ್ ಪದರವಿದ್ದು (ಒಳಗೆ ಸಣ್ಣ ಕಣಗಳಿರುವ ಜೀವಕೋಶಗಳ ಸಾಲು), ಕೆರಾಟಿನ್ ಪದರ ಪದರವಾಗಿದ್ದರೆ ಎಪಿಡರ್ಮಾಯ್ಡ್. ಅದರ ನಡುವೆ ನವಿರು ಕೂದಲುಗಳು ತುಂಬಿದ್ದರೆ ವೆಲ್ಲಸ್. ಗ್ರಾನ್ಯುಲರ್ ಪದರವಿಲ್ಲದೆ ಕೆರಾಟಿನ್ ಒತ್ತಾಗಿ ಗುಲಾಬಿ ಬಣ್ಣಕ್ಕಿದ್ದರೆ ಪಿಲಾರ್. ತೆಳುವಾದ ಸುಕ್ಕು ಗೋಡೆ, ಒಳಮೈಯಲ್ಲಿ ಅಲೆಅಲೆಯಾದ ಗುಲಾಬಿ ಹೊದಿಕೆ, ಗೋಡೆಗೇ ಅಂಟಿದ ಎಣ್ಣೆಗ್ರಂಥಿ ಸ್ಟಿಯಾಟೊಸಿಸ್ಟೋಮಾದ ಗುರುತು. ಒಂದೇ ಸೆಕ್ಷನ್‌ನಲ್ಲಿ, ಅಂದರೆ ಸ್ಲೈಡಿಗೆ ಕತ್ತರಿಸಿದ ಒಂದು ತೆಳು ಪದರದಲ್ಲಿ, ಗ್ರಂಥಿ ಸಿಗದೆ ಹೋಗಬಹುದು. ಇಲ್ಲವೆನ್ನುವ ಮೊದಲು ಇನ್ನೂ ಆಳದ ಸೆಕ್ಷನ್ ಕೇಳಿ.

ಇಷ್ಟೆಲ್ಲ ಯಾಕೆಂದರೆ, ವಂಶದಲ್ಲಿ ಬರುವ ಸ್ಟಿಯಾಟೊಸಿಸ್ಟೋಮಾಗೆ ಕಾರಣವಾದ ಕೆಆರ್‌ಟಿ17 ಜೀನ್‌ನ ದೋಷವೇ ಉಗುರು ದಪ್ಪಗಾಗುವ ವಂಶವಾಹಿ ಕಾಯಿಲೆಯಾದ ಪ್ಯಾಕಿಯೋನಿಕಿಯಾ ಕಂಜೆನಿಟಾಗೂ ಕಾರಣವಾಗಬಲ್ಲದು. ಉಗುರು ದಪ್ಪಗಾಗಿದೆಯೇ, ಹುಟ್ಟುವಾಗಲೇ ಹಲ್ಲಿತ್ತೇ ಎಂದು ವಿಚಾರಿಸಬೇಕು. ಇನ್ನು ಪ್ರೌಢರಾಗುವ ಮೊದಲೇ ಮುಖ, ಕೈಕಾಲುಗಳಲ್ಲಿ ಹಲವು ಎಪಿಡರ್ಮಾಯ್ಡ್ ಸಿಸ್ಟ್‌ಗಳೆದ್ದರೆ ಗಾರ್ಡ್‌ನರ್ ಸಿಂಡ್ರೋಮ್ ನೆನಪಾಗಲೇಬೇಕು; ಕರುಳಿನಲ್ಲಿ ಪಾಲಿಪ್ (ಒಳಗೋಡೆಯ ಸಣ್ಣ ಗಡ್ಡೆ) ಎದ್ದು ಕ್ಯಾನ್ಸರ್ ಆಗಬಲ್ಲ ವಂಶವಾಹಿ ಕಾಯಿಲೆ ಅದು. ಅಂಥ ಮಗುವಿನ ದವಡೆಯಲ್ಲಿ ಮೂಳೆಗಂಟುಗಳಿವೆಯೇ ನೋಡಿ, ಮನೆಯವರಲ್ಲಿ ಕರುಳಿನ ಪಾಲಿಪ್ ಅಥವಾ ಕ್ಯಾನ್ಸರ್ ಇತ್ತೇ ಕೇಳಿ, ಕರುಳಿನ ತಜ್ಞರ ಬಳಿ ಕಳಿಸಿ. ಗಂಟು ತೆಗೆಯುವುದು ಆಮೇಲಿನ ಮಾತು.