ಮೊದಲು ತಾಳಿ, ಆಮೇಲೆ ಗಟ್ಟಿಮೇಳ

ಆ ಮದುವೆ ವಿಡಿಯೊ ನಿಮಗೂ ಬಂದಿರುತ್ತೆ. ದಾವಣಗೆರೆಯ ಯಾವ ವಾಟ್ಸಾಪ್ ಗುಂಪನ್ನೂ ಅದು ಬಿಟ್ಟಿಲ್ಲ. ಹುಡುಗ ತಾಳಿ ಕಟ್ಟುತ್ತಾನೆ, ಗಂಟು ಬಿಗಿಯುತ್ತಾನೆ, ಹಣೆ ಬೆವರು ಒರೆಸಿಕೊಂಡು ಕ್ಯಾಮೆರಾ ಕಡೆ ಹಲ್ಲು ಬಿಡುತ್ತಾನೆ. ಆಗ ಪುರೋಹಿತರ ದನಿ ಕೇಳುತ್ತೆ: ‘ಗಟ್ಟಿಮೇಳ, ಗಟ್ಟಿಮೇಳ!’ ವಾಲಗ ಶುರುವಾಗೋ ಹೊತ್ತಿಗೆ ಮುಂದಿನ ಸಾಲಿನವರು ಎದ್ದು ಊಟದ ಹಾಲ್ ಕಡೆ ಹೊರಟಿದ್ದಾರೆ.

ಊರೆಲ್ಲ ನಕ್ಕಿತು. ಸ್ಟುಡಿಯೊ ಹುಡುಗನಿಗೆ ಬೈದಿತು. ಪಾಪ, ಅವನದೇನಿದೆ? ಈ ವಿಡಿಯೊದ ನಿಜವಾದ ನಿರ್ದೇಶಕರು 1953ರ ಅಮೆರಿಕದ ಇಂಜಿನಿಯರುಗಳು. ಅವರನ್ನು ಕರೆಸಿ ನಮ್ಮೂರ ಗಾಜಿನ ಮನೆಯಲ್ಲೇ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡಬೇಕು.

ಅಮೆರಿಕದ ಕರೆಂಟು 60 ಹರ್ಟ್ಸ್, ಅಂದ್ರೆ ಸೆಕೆಂಡಿಗೆ 60 ಸಲ ಮಿಡಿಯುತ್ತೆ. ಅದಕ್ಕೆ ಹೊಂದೋ ಹಾಗೆ ಅವರ ಕಪ್ಪು-ಬಿಳುಪು ಟಿವಿಯಲ್ಲಿ ಸೆಕೆಂಡಿಗೆ 30 ಫ್ರೇಮ್, ಅಂದ್ರೆ 30 ಬಿಡಿ ಚಿತ್ರ. ಲೆಕ್ಕ ಚೊಕ್ಕವಾಗಿತ್ತು. ಆಮೇಲೆ ಬಣ್ಣ ಬೇಕು ಅನ್ನಿಸಿತು. ಬಣ್ಣದ ಅಲೆ, ಶಬ್ದದ ಅಲೆ ಎರಡೂ ಡಿಕ್ಕಿ ಹೊಡೆದು ಪರದೆ ಮೇಲೆ ಚುಕ್ಕಿ ಕುಣಿಯುತ್ತವೆ ಅಂತ ಗೊತ್ತಾಯಿತು. ಶಬ್ದದ ಅಲೆ ಮುಟ್ಟಿದರೆ ಜನರ ಮನೆಯ ಹಳೇ ಟಿವಿಗಳಿಗೆ ತೊಂದರೆ. ಹಾಗಾಗಿ ಚಿತ್ರದ ವೇಗವನ್ನೇ ಸಾವಿರಕ್ಕೆ ಒಂದು ಪಾಲು ತಗ್ಗಿಸಿದರು. 30 ಹೋಗಿ 29.97 ಆಯಿತು. ಎಷ್ಟು ಜಾಣತನ ನೋಡಿ. ಆ ಟಿವಿಗಳೆಲ್ಲ ಗುಜರಿಗೆ ಹೋದವು. ಆ 0.03 ಮಾತ್ರ ಅಮೆರಿಕದ ಡಿಜಿಟಲ್ ಟಿವಿಯೊಳಗೂ ಹಾಗೇ ಕೂತಿದೆ. ಅಲ್ಲಿಂದ ಕ್ಯಾಮೆರಾ ಹತ್ತಿ ನಮ್ಮ ಪಿ.ಬಿ. ರೋಡಿನ ಕಲ್ಯಾಣ ಮಂಟಪಕ್ಕೂ ಬಂದಿದೆ.

29.97ರಲ್ಲಿ ತೆಗೆದದ್ದನ್ನು ಕಂಪ್ಯೂಟರಿನಲ್ಲಿ 30 ಅಂತ ಓಡಿಸಿದರೆ ಗಂಟೆಗೆ 108 ಫ್ರೇಮ್, ಅಂದ್ರೆ 3.6 ಸೆಕೆಂಡ್, ಚಿತ್ರ ಮುಂದೆ ಓಡುತ್ತೆ. ಮೈಕಿನ ಮಿಕ್ಸರಿನಿಂದ ಬೇರೆಯಾಗಿ ರೆಕಾರ್ಡ್ ಮಾಡಿದ ಶಬ್ದ ತನ್ನ ಪಾಡಿಗೆ ಬರುತ್ತಿರುತ್ತೆ. ಮೂರು ಗಂಟೆಯ ಶಾಸ್ತ್ರ ಮುಗಿಯೋ ಹೊತ್ತಿಗೆ ಹತ್ತಿರ ಹತ್ತಿರ 11 ಸೆಕೆಂಡ್ ವ್ಯತ್ಯಾಸ. ತಾಳಿ ಕಟ್ಟಿ ಬೆವರು ಒರೆಸಿಕೊಳ್ಳೋಕೆ ಅಷ್ಟು ಸಾಕು.

ಫ್ರೇಮಿನ ಎಣಿಕೆ ಗಡಿಯಾರಕ್ಕಿಂತ ಹಿಂದೆ ಬೀಳದಿರಲಿ ಅಂತ ಅಮೆರಿಕದವರು ಇನ್ನೊಂದು ಉಪಾಯ ಮಾಡಿದ್ದಾರೆ, ಅದರ ಹೆಸರು ಡ್ರಾಪ್ ಫ್ರೇಮ್. ಫ್ರೇಮ್ ಯಾವುದೂ ಬೀಳಲ್ಲ, ಗಾಬರಿ ಬೇಡ. ಎಣಿಕೆಯಲ್ಲಿ ಮಾತ್ರ ಪ್ರತಿ ನಿಮಿಷದ ಮೊದಲ ಎರಡು ನಂಬರ್ ಹಾರಿಸುತ್ತಾರೆ. ಹತ್ತನೇ ನಿಮಿಷ, ಇಪ್ಪತ್ತನೇ ನಿಮಿಷ ಹೀಗೆ ಬಂದಾಗ ಹಾರಿಸೋದಿಲ್ಲ. ನಮ್ಮ ಪಂಚಾಂಗದ ಕ್ಷಯ ತಿಥಿ ಇದ್ದ ಹಾಗೆ. ಚೌತಿ ಆದ ಮೇಲೆ ನೇರ ಷಷ್ಠಿ, ಆದ್ರೆ ದಿನ ಯಾವುದೂ ಕಳೆದುಹೋಗಿಲ್ಲ. ಇಷ್ಟಕ್ಕಾದರೆ ನಮ್ಮ ಪುರೋಹಿತರನ್ನೇ ಕೇಳಬಹುದಿತ್ತು. ದಕ್ಷಿಣೆ, ಎರಡು ತೆಂಗಿನಕಾಯಿ ಇಟ್ಟಿದ್ದರೆ ಕೂತಲ್ಲೇ ಗುಣಿಸಿ ಕೊಡ್ತಿದ್ದರು. ರಾಹುಕಾಲದಲ್ಲಿ ರೆಂಡರ್ ಹಾಕಬೇಡಿ, ಅಂದ್ರೆ ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೊ ಆಗಿಸೋಕೆ ಕಂಪ್ಯೂಟರಿಗೆ ಕೊಡಬೇಡಿ, ಅನ್ನೋ ಸಲಹೆ ಬಿಟ್ಟಿ. ಆ ಸಲಹೆ ಸುಳ್ಳೂ ಅಲ್ಲ. ನಮ್ಮಲ್ಲಿ ರೆಂಡರ್ ತೊಂಬತ್ತು ಪರ್ಸೆಂಟ್ ಮುಟ್ಟಿದಾಗಲೇ ಕರೆಂಟು ಹೋಗೋದು. ಅಮೆರಿಕದ್ದು 60 ಹರ್ಟ್ಸ್, ನಮ್ಮದು 50. ಬೇಸಿಗೆಯ ಸಂಜೆ ಸೊನ್ನೆ ಹರ್ಟ್ಸ್ ಅನ್ನೋ ಮೂರನೇ ಸ್ಟ್ಯಾಂಡರ್ಡ್ ಕೂಡ ಇದೆ.

ಹೌದು, ನಮ್ಮದು 50. ಹಾಗಾಗಿ 1982ರಲ್ಲಿ ದೂರದರ್ಶನಕ್ಕೆ ಬಣ್ಣ ಬಂದಾಗ ನಾವು ಜರ್ಮನಿಯಲ್ಲಿ ಹುಟ್ಟಿದ ಪಾಲ್ ಪದ್ಧತಿ ಹಿಡಿದೆವು. ಸೆಕೆಂಡಿಗೆ 25 ಫ್ರೇಮ್, ಪಾಯಿಂಟು ಗೀಯಿಂಟು ಇಲ್ಲ. ಲೋಕಲ್ ಕೇಬಲ್‌ನವರು ಇವತ್ತಿಗೂ 25 ಕೇಳುತ್ತಾರೆ. ಆದ್ರೆ ಇದೇ ದೇಶದಲ್ಲಿ ಮಾರೋ ಫೋನು ಡಬ್ಬಿಯಿಂದ ಹೊರಬರೋದೇ 30 ಅಂತ. ಐಫೋನಿನಲ್ಲಿ ಪಾಲ್ ಬೇಕಾದರೆ ಸೆಟ್ಟಿಂಗ್ಸ್ ಒಳಗೆ ಹೊಕ್ಕು, ಕ್ಯಾಮೆರಾ ಒಳಗೆ ಹೊಕ್ಕು, ರೆಕಾರ್ಡ್ ವಿಡಿಯೊ ಒಳಗೆ ಹೊಕ್ಕು ಒಂದು ಸ್ವಿಚ್ಚು ಒತ್ತಬೇಕು. ಓಬವ್ವನ ಕಿಂಡಿಯಲ್ಲಿ ನುಸುಳೋದು ಇದಕ್ಕಿಂತ ಸುಲಭ. ಸಾಲದ್ದಕ್ಕೆ ಫೋನಿನ 30 ಒಂದೇ ಸಮ ಇರೋದೂ ಇಲ್ಲ. ಮಂಟಪದಲ್ಲಿ ಬೆಳಕು ಕಮ್ಮಿಯಾದರೆ ಎಷ್ಟೋ ಫೋನು ತಾನೇ ನಿಧಾನ ಆಗುತ್ತೆ.

ಈಗ ಒಂದು ಮದುವೆಯ ಲೆಕ್ಕ ನೋಡಿ. ದೊಡ್ಡ ಕ್ಯಾಮೆರಾ 25. ಡ್ರೋನು 24, ಯಾಕಂದ್ರೆ ‘ಸಿನಿಮ್ಯಾಟಿಕ್’ ಬೇಕಂತೆ. ಸ್ಲೋ ಮೋಷನ್ನಿನದು 60. ತಮ್ಮನ ಫೋನು 30ರ ಆಸುಪಾಸು. ಎಲ್ಲವನ್ನೂ 25ಕ್ಕೆ ಇಳಿಸಬೇಕು. 30ರಿಂದ 25ಕ್ಕೆ ಬರಬೇಕಾದರೆ ಆರಕ್ಕೊಂದು ಫ್ರೇಮ್ ಎಸೆಯಬೇಕು. ಎಸೆದರೆ ಮದುಮಗಳು ಸೆಕೆಂಡಿಗೆ ಐದು ಸಲ ಬೆಚ್ಚಿ ಬೆಚ್ಚಿ ನಡೆಯುತ್ತಾಳೆ. ಎರಡು ಫ್ರೇಮ್ ಕಲಸಿದರೆ ಬಳೆ ತೊಟ್ಟ ಕೈಗೆ ದೆವ್ವದ ನೆರಳು. ಇಲ್ಲ, ಆಪ್ಟಿಕಲ್ ಫ್ಲೋ ಹಾಕ್ತೀನಿ ಅಂದ್ರೆ ಕಂಪ್ಯೂಟರು ನಡುವಿನ ಫ್ರೇಮನ್ನು ತಾನೇ ಊಹಿಸಿ ಬರೆಯುತ್ತೆ. ಸುಮ್ನೆ ನಡೆದು ಬರೋ ಬೀಗರಿಗೆ ಅದು ಪರವಾಗಿಲ್ಲ. ಅಕ್ಷತೆ ಬಿದ್ದಾಗ ನೋಡಬೇಕು. ನೂರಾರು ಕಾಳು ನೂರು ದಿಕ್ಕಿಗೆ ಹಾರುತ್ತವೆ. ಯಾವ ಕಾಳು ಎಲ್ಲಿಗೆ ಹೋಯಿತು ಅಂತ ಅದಕ್ಕೆ ತಿಳಿಯಲ್ಲ. ಅಕ್ಕಿಯೆಲ್ಲ ಕರಗಿ, ಹುಡುಗನ ಮೂಗೂ ಅದರ ಜತೆ ಒಂದು ಕ್ಷಣ ಕರಗಿ, ಮತ್ತೆ ಗಟ್ಟಿಯಾಗುತ್ತೆ.

ಇಷ್ಟೆಲ್ಲ ಯಾರಿಗಾಗಿ? ಕೊನೆಗೆ ನೋಡೋದು ಫೋನಿನಲ್ಲಿ. ಎಷ್ಟೋ ಫೋನಿನ ಪರದೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತೆ. 60ನ್ನು 25ರಿಂದ ಭಾಗಿಸಿ ನೋಡಿ, ಮತ್ತೆ ಪಾಯಿಂಟು ಬರುತ್ತೆ. ಹಳೇ ಟಿವಿ ಸತ್ತು ಹೋಗಿದೆ, ಅದರ ತಿಥಿಯನ್ನು ಇನ್ನೂ ಮಾಡುತ್ತಿದ್ದೇವೆ.

ನಗು ಸಾಕು. ಮಂಡಿಪೇಟೆ ಹಿಂದಿನ ಗಲ್ಲಿಯಲ್ಲಿ, ಫ್ಯಾನೂ ಸರಿಯಿಲ್ಲದ ಕೋಣೆಯಲ್ಲಿ, ಇಪ್ಪತ್ತೆರಡರ ಹುಡುಗ ಮೂರು ರಾತ್ರಿಯಿಂದ ಗಟ್ಟಿಮೇಳವನ್ನು ಎಳೆದೆಳೆದು ತಾಳಿಗೆ ಕೂರಿಸುತ್ತಿದ್ದಾನೆ. ಈ 29.97ರ ಕಥೆ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಫೋನು ತಯಾರಿಸಿದವರಿಗೆ ಹೇಳೋ ಜವಾಬ್ದಾರಿ ಇಲ್ಲ, ಕ್ಯಾಮೆರಾ ಮಾರಿದವರಿಗೂ ಇಲ್ಲ. ಮದುವೆಗೆ ಲಕ್ಷಗಟ್ಟಲೆ ಸುರಿದವರು ‘ನಿಂಗೆ ಎಡಿಟಿಂಗ್ ಬರಲ್ಲ’ ಅಂತ ಅವನ ಬಾಕಿ ದುಡ್ಡು ಹಿಡಿದುಕೊಂಡಿದ್ದಾರೆ. ಮಂಟಪದ ಹೂವಿನವನ ದುಡ್ಡನ್ನು ಯಾರೂ ಹೀಗೆ ಹಿಡಿಯಲ್ಲ. ಅಸಹ್ಯ ಅನ್ನಿಸುತ್ತೆ.

ಮದ್ದು ಇಲ್ಲವಾ ಅಂದ್ರೆ, ಇದೆ. ಶೂಟಿಂಗಿಗೆ ಮೊದಲೇ ಎಲ್ಲ ಕ್ಯಾಮೆರಾವನ್ನೂ 25ಕ್ಕೆ, ಸ್ಲೋ ಮೋಷನ್ನಿನದನ್ನು 50ಕ್ಕೆ ಇಡೋದು. ಶಟರ್, ಅಂದ್ರೆ ಒಂದೊಂದು ಫ್ರೇಮಿಗೂ ಬೆಳಕು ಬಿಡೋ ಹೊತ್ತು, ಸೆಕೆಂಡಿನ 50ರಲ್ಲಿ ಒಂದು ಪಾಲು ಇಟ್ಟರೆ ಮಂಟಪದ ಲೈಟಿನ ಪಟ್ಟೆ ಕೂಡ ಎದ್ದು ಕುಣಿಯಲ್ಲ. ಎರಡು ನಿಮಿಷದ ಕೆಲಸ. ಸ್ಟುಡಿಯೊದವರು ಅದನ್ನೂ ಮಾಡಿ ನೋಡಿದ್ದಾರೆ. ಆಮೇಲೆ ಹುಡುಗನ ಸೋದರಮಾವ ಬಂದು, ಹುಡುಗಿ ಅತ್ತದ್ದನ್ನು ನಾನೇ ಚೆನ್ನಾಗಿ ತೆಗೆದಿದ್ದೀನಿ, ಇದನ್ನೂ ಸೇರಿಸಪ್ಪ ಅಂದರು. ವಾಟ್ಸಾಪಿನಲ್ಲಿ ಕಳಿಸಿದರು. ಫೋನು ಉದ್ದಕ್ಕೆ ಹಿಡಿದು ತೆಗೆದದ್ದು.